ಬ್ಯಾಂಕಾಕ್‌ನಲ್ಲಿ ಮಗಳ ಮದುವೆ: ಆಫೀಸಿಗೆ ಪಾಸ್ ಮಾರ್ಕ್ಸ್, ಅಲ್ಲಿನ ಹುಡುಗಿಗೆ ಪೂರ್ತಿ ಅಂಕ

ಬೆಳಗಾವಿಯ ಟಿಳಕವಾಡಿಯಲ್ಲಿ ಆಫೀಸು ಇಟ್ಟಿರುವ ಒಂದು ವೆಡ್ಡಿಂಗ್ ಪ್ಲ್ಯಾನರ್ ಕಂಪನಿಗೆ ಮಗಳ ಮದುವೆ ಒಪ್ಪಿಸಿದ್ದೆವು. ಮದುವೆ ಆಗಿದ್ದು ಬ್ಯಾಂಕಾಕ್‌ನಲ್ಲಿ, ಚಾವೊ ಪ್ರಾಯಾ ನದಿ ದಂಡೆಯ ಒಂದು ಹೋಟೆಲ್‌ನಲ್ಲಿ. ಅಳಿಯನ ಕೆಲಸ ಸಿಂಗಪುರದಲ್ಲಿ, ಬೀಗರ ಅರ್ಧ ಬಳಗ ಆ ಕಡೆಯೇ ಇದೆ. ಶಹಾಪುರದಲ್ಲಿ ಸೀರೆ ಅಂಗಡಿ ನಡೆಸುವ ನನಗೆ ಮೊದಲು ಇದೆಲ್ಲ ಹುಚ್ಚಾಟ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಆದರೆ ಪ್ಲ್ಯಾನರ್ ಬಗ್ಗೆ ಎರಡು ಮಾತು ಹೇಳಲೇಬೇಕು.

ಮೊದಲು ದುಡ್ಡಿನ ಮಾತು. ಕೊಟೇಶನ್‌ನಲ್ಲಿ ಊಟದ ರೇಟಿನ ಪಕ್ಕ ಸಣ್ಣದಾಗಿ ಎರಡು ಪ್ಲಸ್ ಗುರುತು ಇತ್ತು. ಥಾಯ್ಲೆಂಡ್‌ನ ಹೋಟೆಲ್‌ಗಳಲ್ಲಿ ಅದರ ಲೆಕ್ಕ ಹೀಗೆ: ರೇಟಿನ ಮೇಲೆ ಶೇ. 10 ಸರ್ವಿಸ್ ಚಾರ್ಜ್, ಅದೂ ಸೇರಿದ ಮೊತ್ತದ ಮೇಲೆ ಶೇ. 7 ವ್ಯಾಟ್. ಅಲ್ಲಿನ ದುಡ್ಡಿನಲ್ಲಿ 1000 ಬಾತ್‌ನ ತಾಟು ಬಿಲ್ಲಿಗೆ ಬರುವಾಗ 1177 ಬಾತ್. 80 ಜನಕ್ಕೆ, ಪ್ರತಿ ಊಟಕ್ಕೆ ಗುಣಿಸಿ ನೋಡಿ. ನಮ್ಮ ಅಂಗಡಿಗೆ ಬರುವ ಗಿರಾಕಿ ‘ಜಿಎಸ್‌ಟಿ ಹಿಡಿದು ಎಷ್ಟ್ರೀ’ ಅಂತಲೇ ಮಾತು ಶುರು ಮಾಡುತ್ತಾರೆ. ಆಫೀಸಿನ ಹುಡುಗ ಮಾತ್ರ ಅಡ್ವಾನ್ಸ್ ತಗೊಂಡ ಮೇಲೆ, ‘ಕಾಕಾ, ಅದು ಅಲ್ಲಿ ಎಲ್ಲಾ ಕಡೆ ಇರೋದ ಅಲ್ರೀ’ ಅಂದ. ಇರಲಿ, ಮೊದಲೇ ಹೇಳಬೇಕಿತ್ತು ಅಲ್ವಾ? ಹೊರಗಿನ ಅಡುಗೆಯವರನ್ನು ಕರೆದರೆ ಹೋಟೆಲ್‌ಗೆ ಬೇರೆ ಚಾರ್ಜ್ ಕಟ್ಟಬೇಕು ಅನ್ನುವುದೂ ಹೀಗೇ ತಡವಾಗಿ ಹೊರಬಿತ್ತು.

ಕಾಗದಪತ್ರದಲ್ಲಿ ಅವರ ಸಲಹೆ ಸರಿಯಾಗಿತ್ತು. ಅಲ್ಲಿ ತಾಳಿ ಕಟ್ಟಿದ ಮಾತ್ರಕ್ಕೆ ಥಾಯ್ಲೆಂಡ್ ಸರ್ಕಾರದಲ್ಲಿ ಮದುವೆ ದಾಖಲಾಗುವುದಿಲ್ಲ. ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಇಲ್ಲೇ ರಿಜಿಸ್ಟರ್ ಮಾಡಿಸಿ ಅಂದರು. ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಅದನ್ನು ನೆನಪಿಟ್ಟುಕೊಂಡು ಟಿಕೆಟ್ ಮಾಡಿ. ಥಾಯ್ಲೆಂಡ್‌ಗೆ ಹೋಗುವ ಮುಂಚೆ ಆನ್‌ಲೈನ್‌ನಲ್ಲಿ ತುಂಬುವ ಡಿಜಿಟಲ್ ಅರೈವಲ್ ಕಾರ್ಡನ್ನೂ ಎಲ್ಲರಿಗೂ ಅವರೇ ತುಂಬಿಕೊಟ್ಟರು. ಬಂಗಾರದ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಮೈಮೇಲೆ ಹಾಕಿಕೊಂಡು ಹೋದ ಒಡವೆಗೆ ವಾಪಸ್ ಬರುವಾಗ ಸುಂಕದ ತಕರಾರು ಬರಬಾರದು ಅಂದರೆ, ಹೋಗುವಾಗಲೇ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಬೇಕು. ಇದನ್ನು ಹೇಳಿದ್ದು ನಮ್ಮ ಅಂಗಡಿ ಲೆಕ್ಕ ನೋಡುವ ಸಿಎ.

ಮುಹೂರ್ತದ್ದು ಇನ್ನೊಂದು ಕಥೆ. ಬ್ಯಾಂಕಾಕ್ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದೆ. ಆಫೀಸಿನವರು ಬೆಳಗಾವಿಯ ಮುಹೂರ್ತಕ್ಕೆ ಒಂದೂವರೆ ತಾಸು ಕೂಡಿಸಿ ಕಾರ್ಡಿನ ನಮೂನೆ ಕಳಿಸಿಬಿಟ್ಟರು. ನಮ್ಮ ಭಟ್ಟರು ಕೆಂಡವಾದರು. ಲಗ್ನ ನಡೆಯುವುದು ಗಡಿಯಾರ ನೋಡಿ ಅಲ್ಲ, ಊರು ನೋಡಿ. ಅಲ್ಲಿನ ಸೂರ್ಯೋದಯ ಹಿಡಿದು ಅವರೇ ಹೊಸದಾಗಿ ಲೆಕ್ಕ ಹಾಕಿದರು, ಕಾರ್ಡು ಆಮೇಲೆ ಪ್ರಿಂಟಿಗೆ ಹೋಯಿತು.

ಇನ್ನು ಬ್ಯಾಂಕಾಕ್‌ನ ಕೋಆರ್ಡಿನೇಟರ್. ಥಾಯ್ ಹುಡುಗಿ, ಇಂಡಿಯನ್ ಮದುವೆ ಮಾಡಿಸಿ ಪಳಗಿದವಳು. ಇಲ್ಲಿನ ಆಫೀಸಿನವರು ಡೆಕೋರೇಶನ್‌ಗೆ ಪ್ಲಾಸ್ಟಿಕ್ ಹೂವಿನ ಫೋಟೊ ತೋರಿಸಿದ್ದರು. ಅವಳು ನನ್ನನ್ನೂ ನನ್ನ ಅಕ್ಕನನ್ನೂ ರಾತ್ರಿ ಪಾಕ್ ಖ್ಲೋಂಗ್ ತಲಾತ್‌ಗೆ ಕರೆದೊಯ್ದಳು. ಹಳೆ ಊರಿನಲ್ಲಿ, ನದಿ ಪಕ್ಕದಲ್ಲೇ ಇರುವ ಹೂವಿನ ಪೇಟೆ. ಹಗಲು ರಾತ್ರಿ ತೆರೆದೇ ಇರುತ್ತದೆ, ಆದರೆ ನಿಜವಾದ ವ್ಯಾಪಾರ ನಡುರಾತ್ರಿ. ಚೀಲಗಟ್ಟಲೆ ಚೆಂಡು ಹೂವು, ಮಂಜುಗಡ್ಡೆ ಮೇಲೆ ಮಲ್ಲಿಗೆ, ಮಡಚಿಟ್ಟ ತಾವರೆ ಮೊಗ್ಗು. ಕೂತಲ್ಲೇ ಹೆಂಗಸರು ಮಾಲೆ ಕಟ್ಟುವ ಕೈಚಳಕ ನೋಡುತ್ತ ಅಕ್ಕ ನಿಂತೇಬಿಟ್ಟಳು. ಮದುವೆ ಮಾಲೆಗೂ ಅವರು ಎಕ್ಕದ ಹೂವು ಪೋಣಿಸುತ್ತಾರೆ. ‘ಎಕ್ಕ ಹನುಮಪ್ಪಗ ಏರಿಸೋದು, ಮದುಮಗಳ ಕೊರಳಿಗೆ ಬ್ಯಾಡ’ ಅಂತ ಅಕ್ಕ ಹಟ ಹಿಡಿದಳು. ಕೊನೆಗೆ ಮಲ್ಲಿಗೆ, ಗುಲಾಬಿಯಲ್ಲಿ ಕಟ್ಟಿಸಿದೆವು. ಬಾಸಿಂಗ ಮಾತ್ರ ಬೆಳಗಾವಿಯಿಂದಲೇ ಒಯ್ದಿದ್ದೆವು.

ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಪಾಹುರಾತ್, ಅಲ್ಲಿನ ಇಂಡಿಯನ್ ಪೇಟೆ. ಬಟ್ಟೆ ಅಂಗಡಿಗಳು, ಗುರುದ್ವಾರ, ಪೂಜಾ ಸಾಮಾನು, ಎಲ್ಲ ಒಂದೇ ಕಡೆ. ಅರಿಶಿನ, ಕುಂಕುಮ, ಅಡಿಕೆ ಅಲ್ಲೇ ಸಿಗುತ್ತದೆ, ಇಲ್ಲಿಂದ ಹೊರುವುದು ಬೇಡ. ಸೀರೆಗಳನ್ನೂ ಮುಟ್ಟಿ ನೋಡಿದೆ. ನನ್ನ ಅಭಿಪ್ರಾಯ ಇಲ್ಲಿ ಬೇಡ, ವ್ಯಾಪಾರದ ಹೊಟ್ಟೆಕಿಚ್ಚು ಅಂತೀರಿ.

ಹೋಮ ಹಾಲ್ ಒಳಗೆ ಆಗುವುದಿಲ್ಲ, ಹೊಗೆ ಹೋದರೆ ಅಲಾರಂ ಹೊಡೆಯುತ್ತದೆ ಅಂದರು ಹೋಟೆಲ್‌ನವರು. ಹುಲ್ಲುಹಾಸಿನ ಮೇಲೆ ಹಂದರ ಹಾಕಿಸಿದಳು ಆ ಹುಡುಗಿ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬ ಕೊನೆತನಕ ಭಟ್ಟರ ಬೆನ್ನ ಹಿಂದೆ ನಿಂತಿದ್ದ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ, ನಡುವೆ ಕೂತವರಿಗೆ ಸುರಗಿ ನೀರು ಹಾಕುವುದೂ ಅಲ್ಲೇ ಆಯಿತು. ಒಂದೇ ಅಳತೆಯ ನಾಲ್ಕು ತಂಬಿಗೆ ಎಲ್ಲಿಂದ ತಂದಳೋ, ಕೇಳಲಿಲ್ಲ.

ಊಟದಲ್ಲಿ ಎಚ್ಚರ ಬೇಕು. ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ‘ಜೇ’ ಅಂತ ಹಳದಿ ಬಣ್ಣದ ಮೇಲೆ ಕೆಂಪಕ್ಷರದ ಬೋರ್ಡು ಇದ್ದರೆ ಮೀನು, ಮಾಂಸ, ಮೊಟ್ಟೆ ಇರುವುದಿಲ್ಲ, ಬೆಳ್ಳುಳ್ಳಿ ಕೂಡ ಇರುವುದಿಲ್ಲ. ಮದುವೆ ಊಟಕ್ಕೆ ಅಲ್ಲಿನ ಇಂಡಿಯನ್ ಅಡುಗೆಯವರು ಬಂದರು, ಪನ್ನೀರ್ ಜಾಸ್ತಿ. ನಮ್ಮವರು ತಟ್ಟೆ ಬದಿಗಿಟ್ಟು ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದರು. ಬೀಗರೂ ಕೈ ಹಾಕಿದರು.

ತಿರುಗಾಟದ ಪಟ್ಟಿಯಲ್ಲಿ ಆಫೀಸಿನವರು ಬರೀ ಮಾಲ್, ಕ್ರೂಸ್ ತುಂಬಿದ್ದರು. 1782ರಲ್ಲಿ ಒಂದನೇ ರಾಮ ಎಂಬ ರಾಜ ರಾಜಧಾನಿ ಮಾಡಿಕೊಂಡ ಊರು ಅದು, ಅರಮನೆ, ವಾಟ್ ಫೋ, ವಾಟ್ ಅರುಣ್ ಎಂಬ ಬೌದ್ಧ ದೇವಾಲಯಗಳು ಎಲ್ಲ ನದಿಯ ಆಚೆ ಈಚೆ ಇವೆ. ಭಟ್ಟರಿಗೆ ಅಲ್ಲಿನ ರಾಜಮನೆತನದ ಬ್ರಾಹ್ಮಣರ ದೇವಸ್ಥಾನ ನೋಡುವ ಆಸೆ. ದೊಡ್ಡ ಕೆಂಪು ಉಯ್ಯಾಲೆ ಕಂಬದ ಹತ್ತಿರ ಇದೆ. ಹುಡುಗಿ ಕ್ರೂಸ್ ಒಂದನ್ನು ಕ್ಯಾನ್ಸಲ್ ಮಾಡಿಸಿ ಕರೆದೊಯ್ದಳು.

ಆ ಕ್ರೂಸಿನ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಫೋನ್ ಮಾಡಿದಾಗಲೆಲ್ಲ ಟಿಳಕವಾಡಿಯ ಹುಡುಗ, ‘ಬರ್ತದ ಕಾಕಾ, ಬ್ಯಾಂಕಾಕ್‌ನಿಂದ ಬರಬೇಕಲ್ಲ’ ಅನ್ನುತ್ತಾನೆ. ಬ್ಯಾಂಕಾಕ್ ಹುಡುಗಿಯನ್ನು ಕೇಳಿದರೆ ಅವಳು ಆ ವಾರವೇ ಕಳಿಸಿದ್ದಾಳಂತೆ.