ಆಶಾ ಪುತ್ಲಿ ಹಾಡಿದ ಏಳು ನಿಮಿಷ: ‘ಸೈನ್ಸ್ ಫಿಕ್ಷನ್’ ಆಲ್ಬಮ್ ಕೊಳ್ಳುವ ಮುನ್ನ

ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ‘ಸೈನ್ಸ್ ಫಿಕ್ಷನ್’ ಆಲ್ಬಮ್‌ನಲ್ಲಿ 8 ಟ್ರ್ಯಾಕ್‌ಗಳಿವೆ. ಮುಂಬೈಯ ಆಶಾ ಪುತ್ಲಿ ಹಾಡಿರುವುದು ಎರಡೇ: ಮೊದಲನೆಯದು ‘ವಾಟ್ ರೀಸನ್ ಕುಡ್ ಐ ಗಿವ್’, ಆರನೆಯದು ‘ಆಲ್ ಮೈ ಲೈಫ್’. ಎರಡೂ ಸೇರಿ ಸುಮಾರು 7 ನಿಮಿಷ. ಅಷ್ಟಕ್ಕಾಗಿಯೇ ಈ ಆಲ್ಬಮ್ ಕೊಳ್ಳಬಹುದು.

ಹಾಡುವವರಿಗೆ ಇಲ್ಲಿ ಆಸರೆಯೇ ಇಲ್ಲ. ಜಾಝ್ ಗಾಯಕಿಗೆ ಸಾಮಾನ್ಯವಾಗಿ ಪಿಯಾನೊದ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಮುಂದಿನ ಸ್ವರ ಎಲ್ಲಿ ಕೂರಬೇಕೆಂಬ ಸುಳಿವು ಕೊಡುತ್ತವೆ. ಈ ಎರಡು ಹಾಡುಗಳಲ್ಲಿ ಪಿಯಾನೊ ಇಲ್ಲ, ಗಿಟಾರೂ ಇಲ್ಲ. ಸುತ್ತ ಟ್ರಂಪೆಟ್, ಸ್ಯಾಕ್ಸೊಫೋನ್, ಕೆಳಗೆ ಚಾರ್ಲಿ ಹೇಡನ್ ಅವರ ಬೇಸ್. ಊದುವ ವಾದ್ಯಗಳು ಹಾಡಿನ ಸಾಲಿನ ಜತೆಗೇ ಹೋಗುತ್ತವೆ, ಆದರೆ ಬೇರೆ ಬೇರೆ ಸ್ವರಗಳಲ್ಲಿ. ಕಿವಿ ಕೊಂಚ ತಪ್ಪಿದರೂ ದನಿ ಪಕ್ಕದ ಟ್ರಂಪೆಟ್‌ನ ಸ್ವರಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಲಯದ ಕಡೆಯಿಂದಲೂ ನೆರವಿಲ್ಲ. ಹಾಡು ನಿಧಾನವಾಗಿ ಎಳೆದುಕೊಂಡು ಸಾಗುವಾಗ ಬಿಲ್ಲಿ ಹಿಗಿನ್ಸ್, ಎಡ್ ಬ್ಲ್ಯಾಕ್‌ವೆಲ್ ಇಬ್ಬರೂ ಕೆಳಗೆ ಡ್ರಮ್‌ಗಳನ್ನು ಚುರುಕಾಗಿ ಉರುಳಿಸುತ್ತಿರುತ್ತಾರೆ. ಹಿಂದೂಸ್ತಾನಿಯ ನಿಧಾನಗತಿಯ ಗಾಯನವಾದ ವಿಲಂಬಿತ ಖಯಾಲಿನಲ್ಲಾದರೆ ತಬಲಾದ ಠೇಕಾ ‘ಸಮ್’ (ತಾಳದ ಮೊದಲ ಪೆಟ್ಟು) ಎಲ್ಲಿದೆಯೆಂದು ತೋರಿಸುತ್ತಲೇ ಇರುತ್ತದೆ. ಇಲ್ಲಿ ತೋರಿಸುವವರಿಲ್ಲ.

ಪುತ್ಲಿಯವರ ಕಲಿಕೆ ಕೆಲಸಕ್ಕೆ ಬಂದದ್ದು ಇಲ್ಲಿಯೇ. ಮುಂಬೈಯಲ್ಲಿ ಚಿಕ್ಕಂದಿನಲ್ಲೇ ಹಿಂದೂಸ್ತಾನಿ ಸಂಗೀತವನ್ನೂ ಒಪೆರಾ ಗಾಯನವನ್ನೂ ಕಲಿತವರು ಅವರು. ಜಾಝ್ ಕಿವಿಗೆ ಬಿದ್ದದ್ದು ರೇಡಿಯೊದಿಂದ. ತಂಬೂರಿಯ ಮುಂದೆ ಪಳಗಿದ ದನಿಗೆ ತಂಬೂರಿ ಇಲ್ಲದಾಗಲೂ ಆಧಾರ ಸ್ವರವಾದ ಷಡ್ಜ ಒಳಗೆ ನಿಂತಿರುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ರೀತಿಯಲ್ಲಿ ಹಿಂದೂಸ್ತಾನಿಯ ಮೀಂಡಿನ (ಎಳೆದು ಜಾರಿಸುವ ಸ್ವರದ) ಅಭ್ಯಾಸ ಕಾಣುತ್ತದೆ. ಮೇಲಿನ ಉದ್ದ ಸ್ವರಗಳಿಗೆ ಉಸಿರು ಒದಗಿಸಿದ್ದು ಒಪೆರಾ. ವೇಗದ ತಾನ್, ಸ್ವರಗಳ ಹೆಸರನ್ನೇ ಹಾಡುವ ಸರ್ಗಮ್ ಹುಡುಕಬೇಡಿ, ಒಂದೂ ಸಿಗುವುದಿಲ್ಲ. ಭಾರತೀಯತೆಯನ್ನು ಮೆರೆಸದೆ, ಕಲಿತದ್ದನ್ನು ಬರೀ ಸಾಧನವಾಗಿ ಬಳಸಿದ್ದೇ ಈ ಗಾಯನದ ದೊಡ್ಡತನ.

ಲೇಖಕ ವೇದ್ ಮೆಹ್ತಾ ಭಾರತದ ಬಗ್ಗೆ ಬರೆದ ಪುಸ್ತಕದಲ್ಲಿ ಪುತ್ಲಿಯವರ ಪ್ರಸ್ತಾಪ ಬಂದಿತ್ತು. ನೃತ್ಯ ಕಲಿಯಲು ಅಮೆರಿಕದ ನರ್ತಕಿ ಮಾರ್ತಾ ಗ್ರಹಾಂ ಅವರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ನ್ಯೂಯಾರ್ಕ್ ಸೇರಿದ ಮೇಲೆ, ಕೊಲಂಬಿಯಾ ರೆಕಾರ್ಡ್ ಕಂಪನಿಯ ನಿರ್ಮಾಪಕ ಜಾನ್ ಹ್ಯಾಮಂಡ್ ಮೂಲಕ ಕೋಲ್ಮನ್‌ರ ರೆಕಾರ್ಡಿಂಗ್‌ಗೆ ಬಂದರು. ಅದು ನಡೆದದ್ದು 1971ರ ಸೆಪ್ಟೆಂಬರ್‌ನಲ್ಲಿ, ಬಿಡುಗಡೆ 1972ರಲ್ಲಿ.

ಕೊರತೆಗಳೂ ಇವೆ. ದನಿಯನ್ನು ವಾದ್ಯಗಳ ಮಟ್ಟದಲ್ಲೇ ಕೂರಿಸಿರುವುದರಿಂದ ಮೊದಲ ಸಲಕ್ಕೆ ಮಾತುಗಳು ಸ್ಪಷ್ಟವಾಗುವುದಿಲ್ಲ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಪುತ್ಲಿಯವರಿಗೆ ಮನೋಧರ್ಮಕ್ಕೆ, ಅಂದರೆ ಅಲ್ಲೇ ಕಲ್ಪಿಸಿ ಹಾಡುವುದಕ್ಕೆ, ಜಾಗವನ್ನೇ ಕೊಟ್ಟಿಲ್ಲ.

ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಹೇಡನ್‌ರ ಬೇಸ್ ಮಾಯವಾಗುತ್ತದೆ, ಉಳಿದದ್ದು ಗದ್ದಲವಾಗುತ್ತದೆ. ಹೆಡ್‌ಫೋನ್ ಹಾಕಿ 1, 6ನೇ ಟ್ರ್ಯಾಕ್‌ಗಳನ್ನು ಬೆನ್ನಿಗೆ ಬೆನ್ನಿಗೆ ಎರಡು ಸಲ ಕೇಳಿ. ಮೊದಲ ಸಲ ದನಿಯನ್ನಷ್ಟೇ ಹಿಂಬಾಲಿಸಿ, ಎರಡನೇ ಸಲ ಬೇಸನ್ನು. ಆಮೇಲೆ 7ನೆಯ ‘ಲಾ ಇಯರ್ಸ್’. ಆಲ್ಬಮ್‌ನ ಹೆಸರನ್ನೇ ಹೊತ್ತ 4ನೇ ಟ್ರ್ಯಾಕ್ ಕೊನೆಗಿರಲಿ: ಅದರಲ್ಲಿ ಡೇವಿಡ್ ಹೆಂಡರ್ಸನ್ ಅವರ ಕವಿತೆಯ ಓದು, ಮಗುವಿನ ಅಳು ಎಲ್ಲ ಒಟ್ಟಿಗೆ ಬರುತ್ತವೆ. ಮೊದಲಿಗೇ ಅದನ್ನು ಕೇಳಿದವರು ಆಲ್ಬಮ್ ಪಕ್ಕಕ್ಕಿಡುವುದು ಸಹಜ. 5ನೆಯದರಲ್ಲಿ ಶಹನಾಯಿಯಂತೆ ಕೇಳುವುದು ಡ್ಯೂಯಿ ರೆಡ್‌ಮನ್ ಊದಿದ ಮ್ಯೂಸೆಟ್, ಭಾರತದ ವಾದ್ಯವಲ್ಲ.

2000ದಲ್ಲಿ ಬಂದ ‘ದಿ ಕಂಪ್ಲೀಟ್ ಸೈನ್ಸ್ ಫಿಕ್ಷನ್ ಸೆಷನ್ಸ್’ 2 ಸಿಡಿಗಳ ಸೆಟ್. ಅದರಲ್ಲಿ ಇನ್ನೆರಡು ಹಾಡುಗಳಿವೆ, ಆದರೆ ಹಾಡಿದವರು ವೆಬ್‌ಸ್ಟರ್ ಆರ್ಮ್‌ಸ್ಟ್ರಾಂಗ್. ಪುತ್ಲಿಯವರಿಗಾಗಿ ಮಾತ್ರ ಕೊಳ್ಳುವವರಿಗೆ ಮೂಲ ಆಲ್ಬಮ್ ಸಾಕು. ಇದನ್ನು ಮೆಚ್ಚಿ ಅವರ 1973ರ ಸ್ವಂತ ಆಲ್ಬಮ್, 1976ರ ‘ದಿ ಡೆವಿಲ್ ಈಸ್ ಲೂಸ್’ ಕೊಳ್ಳಲು ಹೊರಟವರು ಒಂದು ಹಾಡು ಕೇಳಿ ನೋಡಿಯೇ ದುಡ್ಡು ಕೊಡಿ. ಅವು ‘ಸೋಲ್’, ‘ಡಿಸ್ಕೊ’ ಎಂಬ ಜನಪ್ರಿಯ ಸಂಗೀತದ ದಾರಿಯವು. ಚೆನ್ನಾಗಿವೆ, ಆದರೆ ಕೋಲ್ಮನ್ ಜತೆ ಕೇಳಿದ ಜಾಝ್ ಅಲ್ಲಿಲ್ಲ.