ಇಂಗ್ಲಿಷ್ ವಾಕ್ಯ ಜೋಡಿಸುವುದನ್ನು ಕಲಿಸುವ ಒಂದು ಕೋರ್ಸ್: ಸರ್ವನಾಮದ ಪಾಠ ಬಿಟ್ಟರೆ ಚೆನ್ನಾಗಿದೆ

ಇಂಗ್ಲಿಷ್ ಗ್ರಾಮರ್ ಕಲಿಸುವ ಕೋರ್ಸ್‌ಗಳಿಗೆ ಬರವಿಲ್ಲ. ಟೆನ್ಸ್, ಆರ್ಟಿಕಲ್, ಆ್ಯಕ್ಟಿವ್, ಪ್ಯಾಸಿವ್, ಎಲ್ಲ ಕಡೆ ಅದೇ ಸರಣಿ. ಆದರೆ ಬಿಡಿ ವಾಕ್ಯಗಳನ್ನು ತಪ್ಪಿಲ್ಲದೆ ಬರೆಯುವವರು ಕೂಡ ಎರಡು ಮೂರು ಕೆಲಸಗಳನ್ನು ಒಂದೇ ವಾಕ್ಯದಲ್ಲಿ ಹೇಳಲು ಹೋದಾಗ ತಡವರಿಸುತ್ತಾರೆ, ಅಲ್ವಾ? ಇತ್ತೀಚೆಗೆ ಬರೀ ಆ ಒಂದು ವಿಷಯವನ್ನೇ ಹಿಡಿದು, ಕನ್ನಡದಲ್ಲೇ ವಿವರಿಸುವ ವಿಡಿಯೊ ಕೋರ್ಸ್ ಒಂದನ್ನು ಪೂರ್ತಿ ನೋಡಿದೆ. ಕೊರತೆಗಳಿವೆ, ಅದರಲ್ಲೂ ಸರ್ವನಾಮದ ಪಾಠ ನನಗೆ ಹಿಡಿಸಲಿಲ್ಲ. ಆದರೂ ನೋಡಿ ಅಂತಲೇ ಹೇಳುತ್ತೇನೆ.

ಕಾರಣ ಅದರ ಮೊದಲ ಪಾಠ. ಕಂಜಂಕ್ಷನ್ (ವಾಕ್ಯಗಳನ್ನು ಜೋಡಿಸುವ ಪದ) ಅಂದರೇನು, ಅದರಲ್ಲಿ ಎಷ್ಟು ವಿಧ ಅಂತ ಶುರು ಮಾಡುವುದಿಲ್ಲ. ನೇರವಾಗಿ ಒಂದು ಕನ್ನಡ ವಾಕ್ಯ ಇಡುತ್ತಾರೆ: "ಬಾಗಿಲು ತೆಗೆದು, ಒಳಗೆ ಹೋಗಿ, ದೀಪ ಹಾಕಿ ಕೂತೆ." ಇದರಲ್ಲಿ ಯಾರು ಮಾಡಿದ್ದು ಅನ್ನುವುದು ಕೊನೆಯ "ಕೂತೆ"ಯಲ್ಲಿ ಮಾತ್ರ ಕಾಣುತ್ತದೆ. ತೆಗೆದು, ಹೋಗಿ, ಹಾಕಿ, ಈ ಮೂರನ್ನು ನಾನು ಮಾಡಿದೆನೋ ನೀವು ಮಾಡಿದಿರೋ ಅವುಗಳನ್ನೇ ನೋಡಿದರೆ ಗೊತ್ತಾಗುವುದಿಲ್ಲ. ನಾಳೆಯ ಮಾತಾದರೆ ಕೊನೆಯದನ್ನು "ಕೂರುತ್ತೇನೆ" ಅಂತ ಬದಲಿಸಿದರೆ ಮುಗಿಯಿತು, ಉಳಿದದ್ದನ್ನು ಮುಟ್ಟುವ ಹಾಗೇ ಇಲ್ಲ. ಇದೇ ಇಂಗ್ಲಿಷಿನಲ್ಲಿ "ಐ ಓಪನ್ಡ್ ದ ಡೋರ್, ವೆಂಟ್ ಇನ್, ಸ್ವಿಚ್ಡ್ ಆನ್ ದ ಲೈಟ್ ಆ್ಯಂಡ್ ಸ್ಯಾಟ್ ಡೌನ್." ನಾಲ್ಕೂ ಕ್ರಿಯಾಪದಗಳು ಪೂರ್ತಿ ಭೂತಕಾಲದಲ್ಲಿವೆ. "ಐ" ಒಂದೇ ಸಲ ಬಂದಿದೆ, "ಆ್ಯಂಡ್" ಕೊನೆಯದರ ಹಿಂದೆ ಮಾತ್ರ. ಹಾಗಾದರೆ ನಾಳೆಗೆ? "ಐ ವಿಲ್ ಓಪನ್ ದ ಡೋರ್, ಗೋ ಇನ್, ಸ್ವಿಚ್ ಆನ್ ದ ಲೈಟ್ ಆ್ಯಂಡ್ ಸಿಟ್ ಡೌನ್." ವಿಲ್ ಮೊದಲಲ್ಲಿ ಒಂದು ಸಲ ಬಂದರೆ ಸಾಕು, ಉಳಿದವು ಮೂಲ ರೂಪಕ್ಕೆ ಬರುತ್ತವೆ. ನಾವು ಕಾಲದ ಗುರುತನ್ನು ವಾಕ್ಯದ ಕೊನೆಯಲ್ಲಿ ಇಡುತ್ತೇವೆ, ಅವರು ಮೊದಲ ಕ್ರಿಯಾಪದದಿಂದಲೇ ಶುರು ಮಾಡುತ್ತಾರೆ. ಈ ಒಂದು ಮಾತನ್ನು ಇಷ್ಟು ಬಿಡಿಸಿ ಹೇಳಿದ ಪಾಠ ನಾನು ಬೇರೆಲ್ಲೂ ನೋಡಿರಲಿಲ್ಲ.

ಎರಡನೇ ಪಾಠ ಇನ್ನೂ ಗಟ್ಟಿ. "ಹೋಗಿ", "ಮಾಡಿ" ಅನ್ನುವ ಇದೇ ರೂಪವನ್ನು ಕನ್ನಡದಲ್ಲಿ ಎಷ್ಟು ಕೆಲಸಕ್ಕೆ ಬಳಸುತ್ತೇವೆ ನೋಡಿ. "ಮನೆಗೆ ಹೋಗಿ ಮಲಗಿದ", ಇಲ್ಲಿ ಬರೀ ಒಂದಾದ ಮೇಲೊಂದು, ಆ್ಯಂಡ್ ಸಾಕು. "ಗುಂಡಿ ಒತ್ತಿ ಆನ್ ಮಾಡಿ", ಇಲ್ಲಿ ಒತ್ತುವುದು ಆನ್ ಮಾಡುವ ದಾರಿ, ಹಾಗಾಗಿ "ಬೈ ಪ್ರೆಸ್ಸಿಂಗ್ ದ ಬಟನ್." "ಜ್ವರ ಬಂದು ರಜೆ ಹಾಕಿದೆ", ಇಲ್ಲಿ ಜ್ವರ ಕಾರಣ, "ಬಿಕಾಸ್ ಐ ಹ್ಯಾಡ್ ಎ ಫೀವರ್" ಅನ್ನಬೇಕು. "ಕೆಲಸ ಮುಗಿಸಿ ಫೋನ್ ಮಾಡ್ತೀನಿ", ಇಲ್ಲಿ ಯಾವುದು ಮೊದಲು ಅನ್ನುವುದೇ ಮುಖ್ಯ, "ಆಫ್ಟರ್ ಫಿನಿಶಿಂಗ್ ದ ವರ್ಕ್." ಕೇಳುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಕನ್ನಡದಲ್ಲಿ ಎಲ್ಲಕ್ಕೂ ಒಂದೇ ರೂಪ ನಡೆಯುತ್ತದೆ. ಇಂಗ್ಲಿಷಿನಲ್ಲಿ ಈ ಎರಡು ಕೆಲಸಗಳಿಗೆ ಏನು ಸಂಬಂಧ ಅಂತ ಬರೆಯುವವರೇ ಮೊದಲು ತೀರ್ಮಾನಿಸಬೇಕು, ಆಮೇಲೆ ಜೋಡಿಸುವ ಪದ ಹುಡುಕಬೇಕು. ನಮ್ಮವರ ಇಂಗ್ಲಿಷಿನಲ್ಲಿ ಎಲ್ಲೆಂದರಲ್ಲಿ ಆ್ಯಂಡ್ ಬಂದು ಕೂರುವುದು ಇದಕ್ಕೇ ಅನ್ನಿಸುತ್ತದೆ.

ಈ ಪಾಠದಲ್ಲೇ ಪ್ರಿಪೊಸಿಷನ್ (ನಾಮಪದದ ಹಿಂದೆ ಬಂದು ಸಂಬಂಧ ತೋರಿಸುವ ಪದ) ಕೂಡ ಬರುತ್ತದೆ. ಆಫ್ಟರ್, ಬಿಫೋರ್, ಬೈ, ವಿದೌಟ್, ಇನ್‌ಸ್ಟೆಡ್ ಆಫ್, ಇವುಗಳ ಮುಂದೆ ಕ್ರಿಯೆ ಬಂದರೆ ಅದಕ್ಕೆ ಇಂಗ್ ಸೇರಲೇಬೇಕು. "ಯಾರಿಗೂ ಹೇಳದೆ ಹೋದ" ಅನ್ನುವುದು "ಹಿ ಲೆಫ್ಟ್ ವಿದೌಟ್ ಟೆಲಿಂಗ್ ಎನಿವನ್" ಆಗುತ್ತದೆ. ಆದರೆ ನನಗೆ ತುಂಬ ಇಷ್ಟವಾದದ್ದು ಆಮೇಲೆ ಕೊಟ್ಟ ಎಚ್ಚರಿಕೆ. "ಬಾಗಿಲು ತೆಗೆದ ಮೇಲೆ ದೀಪ ಹತ್ತಿತು" ಅಂದರೆ ಕನ್ನಡದಲ್ಲಿ ಯಾರಿಗೂ ಗೊಂದಲ ಇಲ್ಲ. ಅದನ್ನೇ "ಆಫ್ಟರ್ ಓಪನಿಂಗ್ ದ ಡೋರ್, ದ ಲೈಟ್ ಕೇಮ್ ಆನ್" ಅಂತ ಬರೆದರೆ ದೀಪವೇ ಬಾಗಿಲು ತೆಗೆದ ಹಾಗಾಗುತ್ತದೆ. ಎರಡು ಕೆಲಸಗಳನ್ನು ಮಾಡುವವರು ಬೇರೆ ಬೇರೆ ಆದ ಕೂಡಲೇ ಇಂಗ್ ಬಿಟ್ಟು "ಆಫ್ಟರ್ ಐ ಓಪನ್ಡ್ ದ ಡೋರ್" ಅಂತ ಸರ್ವನಾಮ ತರಬೇಕು. ಮುಂದೆ ಇಂಗ್ ಬಂದರೆ ಆಫ್ಟರ್ ಪ್ರಿಪೊಸಿಷನ್, ಪೂರ್ತಿ ವಾಕ್ಯ ಬಂದರೆ ಅದೇ ಕಂಜಂಕ್ಷನ್. ಬಿಫೋರ್, ಸಿನ್ಸ್ ಕೂಡ ಹೀಗೆ ಎರಡೂ ಕಡೆ ನಡೆಯುತ್ತವೆ.

ಎಲ್ಲ ಪದಗಳೂ ಹಾಗೆ ನಡೆಯುವುದಿಲ್ಲ. ಬಿಕಾಸ್ ಮುಂದೆ ವಾಕ್ಯ, ಬಿಕಾಸ್ ಆಫ್ ಮುಂದೆ ನಾಮಪದ. ವೈಲ್ ಮತ್ತು ಡ್ಯೂರಿಂಗ್, ಆಲ್ದೋ ಮತ್ತು ಡಿಸ್ಪೈಟ್, ಇವೂ ಇಂಥ ಜೋಡಿಗಳೇ. ಇದನ್ನು ಬೇಗ ಮುಗಿಸಿದ್ದಾರೆ, ಸಾಕು ಕೂಡ.

ಜೋಡಿ ಪದ ಬಳಸುವ ನಮ್ಮ ಅಭ್ಯಾಸದ ಬಗ್ಗೆ ಒಳ್ಳೆಯ ಮಾತಿದೆ. "ಯಾರು ಕಷ್ಟಪಡುತ್ತಾರೋ ಅವರು ಗೆಲ್ಲುತ್ತಾರೆ", "ಯಾವಾಗ ಕರೆಯುತ್ತೀರೋ ಆವಾಗ ಬರುತ್ತೇನೆ", ಹೀಗೆ ಎರಡು ಕಡೆಯೂ ಕೊಂಡಿ ಹಾಕುವುದು ಕನ್ನಡಕ್ಕೆ ಸಹಜ. ಇಂಗ್ಲಿಷಿನಲ್ಲಿ ಒಂದು ಕಡೆ ಹಾಕಿದರೆ ಸಾಕು. ಆಲ್ದೋ ಹಾಕಿದ ಮೇಲೆ ಬಟ್ ಬೇಡ, ಬಿಕಾಸ್ ಹಾಕಿದ ಮೇಲೆ ಸೋ ಬೇಡ. ಎರಡೂ ಹಾಕುವ ಈ ತಪ್ಪು ಎಷ್ಟು ಜನರ ಬರವಣಿಗೆಯಲ್ಲಿ ಕಾಣುತ್ತದೆ ಅಂತ ಲೆಕ್ಕವೇ ಇಲ್ಲ. ಇದಕ್ಕೆ ಇನ್ನಷ್ಟು ಉದಾಹರಣೆ ಕೊಡಬಹುದಿತ್ತು.

ಈಗ ದೂರು. ಸರ್ವನಾಮದ ಪಾಠದಲ್ಲಿ ಹಿ, ಶಿ, ಇಟ್, ದೇ ಅಂತ ಪಟ್ಟಿ ಓದಿಸಿ, ಹೂ ಮನುಷ್ಯರಿಗೆ, ವಿಚ್ ವಸ್ತುಗಳಿಗೆ ಅಂತ ಹೇಳಿ ಮುಗಿಸಿಬಿಟ್ಟಿದ್ದಾರೆ. ಇಷ್ಟು ಒಳ್ಳೆಯ ಕೋರ್ಸ್ ಇಲ್ಲಿ ಸುಮ್ನೆ ಜಾರಿಕೊಂಡಿದ್ದು ನನಗೆ ನಿಜಕ್ಕೂ ಬೇಸರ ತಂದಿತು, ಯಾಕಂದರೆ ನಮಗೆ ಜಾಸ್ತಿ ತೊಂದರೆ ಆಗುವುದೇ ಇಲ್ಲಿ. "ರವಿ ಬರ್ತೀನಿ ಅಂದ" ಅನ್ನುವುದನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ರವಿಯ ಮಾತನ್ನು ಹಾಗೇ ಎತ್ತಿ ಇಡುತ್ತೇವೆ. ಅದನ್ನೇ "ರವಿ ಸೆಡ್ ದಟ್ ಐ ವಿಲ್ ಕಮ್" ಅಂತ ಮಾಡಿದರೆ ಬರುವವನು ರವಿ ಅಲ್ಲ, ಆ ವಾಕ್ಯ ಹೇಳುತ್ತಿರುವ ನಾನು. "ರವಿ ಸೆಡ್ ದಟ್ ಹಿ ವುಡ್ ಕಮ್" ಆಗಬೇಕು, ಸರ್ವನಾಮವೂ ಬದಲು, ಕಾಲವೂ ಬದಲು. ಇನ್ನೊಂದು, ನಮ್ಮಲ್ಲಿ "ತಾನು" ಇದೆ. "ತಾನು ಪಾಸಾಗಿರುವುದಾಗಿ ರವಿ ಸುರೇಶನಿಗೆ ಹೇಳಿದ" ಅಂದರೆ ಪಾಸಾದವನು ರವಿ, ಅನುಮಾನವೇ ಇಲ್ಲ. ಇಂಗ್ಲಿಷಿನ "ರವಿ ಟೋಲ್ಡ್ ಸುರೇಶ್ ದಟ್ ಹಿ ಹ್ಯಾಡ್ ಪಾಸ್ಡ್" ಓದಿದವರಿಗೆ ಪಾಸಾದವನು ಯಾರು ಅಂತ ಹೇಗೆ ಗೊತ್ತಾಗಬೇಕು? ಅಲ್ಲಿ ಹೆಸರನ್ನೇ ಮತ್ತೆ ಹೇಳಬೇಕು, ಇಲ್ಲವೇ ರವಿ ಆಡಿದ ಮಾತನ್ನು ಕೋಟ್ ಒಳಗೆ ಹಾಕಬೇಕು. ಹಾಗೇ ವಿಚ್ ಅನ್ನುವುದು ಬರೀ ವಸ್ತುವನ್ನಲ್ಲ, ಹಿಂದಿನ ಇಡೀ ವಾಕ್ಯವನ್ನೇ ಹಿಡಿಯಬಲ್ಲದು: "ಹಿ ಕೇಮ್ ಲೇಟ್, ವಿಚ್ ಅಪ್‌ಸೆಟ್ ಎವ್ರಿವನ್." ಅವನು ತಡವಾಗಿ ಬಂದ, ಅದರಿಂದ ಎಲ್ಲರಿಗೂ ಬೇಜಾರಾಯಿತು. ಆ ಕಾಮಾ ಇಲ್ಲದಿದ್ದರೆ ಓದುವವರು ಎಡವುತ್ತಾರೆ. ಇದರಲ್ಲಿ ಒಂದನ್ನೂ ಅವರು ಹೇಳಿಲ್ಲ.

ಕಾಮಾ ಅಂದಾಗ ನೆನಪಾಯಿತು, ಹವೆವರ್ ಮತ್ತು ದೇರ್‌ಫೋರ್ ಪದಗಳನ್ನು ಬಟ್ ಮತ್ತು ಸೋ ಜೊತೆ ಒಂದೇ ಪಟ್ಟಿಗೆ ಸೇರಿಸಿದ್ದಾರೆ. ಅರ್ಥ ಹತ್ತಿರ ಇರಬಹುದು, ಕೆಲಸ ಬೇರೆ. ಬಟ್ ಹಿಂದೆ ಕಾಮಾ ಹಾಕಿ ಎರಡು ವಾಕ್ಯ ಜೋಡಿಸಬಹುದು. ಹವೆವರ್ ಹಾಗೆ ಜೋಡಿಸುವುದಿಲ್ಲ, ಅದರ ಹಿಂದೆ ಪೂರ್ಣವಿರಾಮವೋ ಸೆಮಿಕೋಲನ್ನೋ ಬೇಕು. ಆ ಪಟ್ಟಿಯನ್ನು ದಯವಿಟ್ಟು ತಿದ್ದಲಿ.

ಪಾಠಗಳ ಕೊನೆಗೆ ಅಭ್ಯಾಸ ಇದೆ. ಎರಡು ವಾಕ್ಯ ಕೊಡುತ್ತಾರೆ, ನೀವು ಸೇರಿಸಿ ಟೈಪ್ ಮಾಡಬೇಕು. ತೊಂದರೆ ಏನೆಂದರೆ ಅದು ಒಂದೇ ಉತ್ತರವನ್ನು ಒಪ್ಪುತ್ತದೆ. ಆಫ್ಟರ್ ಹಾಕಿ ಬರೆದರೂ ಸರಿ, ವೆನ್ ಹಾಕಿದರೂ ಸರಿ ಅನ್ನುವ ಕಡೆಯೂ ಒಂದಕ್ಕೆ ಕೆಂಪು ಗೆರೆ ಬೀಳುತ್ತದೆ. ಹೊಸದಾಗಿ ಕಲಿಯುವವರು ಇದನ್ನು ನೋಡಿ ಸರಿಯಿದ್ದದ್ದನ್ನೂ ತಪ್ಪು ಅಂದುಕೊಳ್ಳುವ ಅಪಾಯವಿದೆ. ಅದರ ಬದಲು ನಿಮ್ಮದೇ ಇಮೇಲ್, ರಿಪೋರ್ಟ್ ತೆಗೆದು ಆ್ಯಂಡ್ ಇರುವ ಕಡೆಗಳನ್ನು ಗುರುತು ಮಾಡಿ, ಅಲ್ಲಿ ಬೈ ಬೇಕೋ, ಬಿಕಾಸ್ ಬೇಕೋ, ಆ್ಯಂಡೇ ಸರಿಯೋ ಅಂತ ನೋಡಿ. ನನಗೆ ಅವರ ಅಭ್ಯಾಸಕ್ಕಿಂತ ಇದರಿಂದಲೇ ಜಾಸ್ತಿ ಉಪಯೋಗವಾಯಿತು.

ಸರಳ ವಾಕ್ಯ ಬರೆಯಲು ಬರುವವರಿಗೆ ಇದು ಸರಿಯಾದ ಕೋರ್ಸ್. ಟೆನ್ಸ್ ಇನ್ನೂ ಕೈಗೆ ಹತ್ತದಿದ್ದರೆ ಮೊದಲ ಪಾಠದಲ್ಲೇ ಸುಸ್ತಾಗುತ್ತದೆ, ಸ್ವಲ್ಪ ತಡೆದು ಬನ್ನಿ. ಸಮಯ ಕಡಿಮೆ ಇದ್ದರೆ ಮೊದಲ ಎರಡು ಪಾಠ ಮತ್ತು ಜೋಡಿ ಪದಗಳ ಭಾಗ ನೋಡಿ. ಸರ್ವನಾಮವನ್ನು ಮಾತ್ರ ಬೇರೆ ಕಡೆ ಕಲಿಯಿರಿ.