ತಂತಿಯೋ, ಅಲೈನರೋ? ಹಲ್ಲಿನ ಬೇರಿನ ಲೆಕ್ಕ

ಬಳ್ಳಾರಿಯಲ್ಲಿರುವ ಅಕ್ಕನ ಮಗಳು ಹಲ್ಲು ನೇರ ಮಾಡಿಸಿಕೊಳ್ಳಬೇಕು. ಅವಳ ಭಯ ಒಂದೇ, ಬೇರು ಕರಗುತ್ತಾ?

ಹಲ್ಲಿಗೆ ಅಂಟಿಸುವ ತಂತಿ (ಬ್ರೇಸಸ್), ತೆಗೆದು ಮತ್ತೆ ತೊಡಬಹುದಾದ ಪಾರದರ್ಶಕ ಅಚ್ಚು (ಅಲೈನರ್), ಎರಡರಲ್ಲೂ ಸ್ವಲ್ಪ ಕರಗಬಹುದು. ಹಲ್ಲು ಸರಿಸುವಾಗ ಬೇರಿನ ತುದಿ ಸವೆಯುತ್ತದೆ. ಮೇಲಿನ ಮುಂದಿನ ಹಲ್ಲುಗಳಲ್ಲಿ ಜಾಸ್ತಿ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಒತ್ತಡ ಜೋರಾದರೆ, ಚಿಕಿತ್ಸೆ ವರ್ಷಗಟ್ಟಲೆ ಎಳೆದರೆ ಅಪಾಯ ಏರುತ್ತದೆ.

ಅಲೈನರ್‌ನಲ್ಲಿ ಸವೆತ ತುಸು ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಆದರೆ ದಿನಕ್ಕೆ 20–22 ಗಂಟೆ ಹಾಕಿರಬೇಕು. ಒಗ್ಗರಣೆ-ಮಿರ್ಚಿ ತಿನ್ನಲು ತೆಗೆದು, ಮತ್ತೆ ಹಾಕೋದು ಮರೆತರೆ ಕೆಲಸ ಕೆಟ್ಟಿತು! ತಂತಿಗೆ ಆ ಗೋಳಿಲ್ಲ. ಹಲ್ಲು ಕೀಳಿಸಿ ಜಾಗ ಮುಚ್ಚುವುದಿದ್ದರೆ ನನಗಂತೂ ತಂತಿಯೇ ವಾಸಿ ಅನ್ನಿಸುತ್ತದೆ.

ಯಾವುದಾದರೂ ಸರಿ, ಶುರುವಿಗೆ ಮುಂಚೆ ಒಂದು ಎಕ್ಸ್‌ರೇ, 6–12 ತಿಂಗಳಿಗೆ ಇನ್ನೊಂದು ಕೇಳಿ. ಸವೆತ ಜಾಸ್ತಿ ಕಂಡರೆ ಡಾಕ್ಟರು ಕೆಲವು ತಿಂಗಳು ಒತ್ತಡ ನಿಲ್ಲಿಸುತ್ತಾರೆ. ಒತ್ತಡ ನಿಂತರೆ ಸವೆತವೂ ಸಾಮಾನ್ಯವಾಗಿ ನಿಲ್ಲುತ್ತದೆ.